ಸೋವಿಯತ್ ಪೋಸ್ಟರ್ ತೋರಿಸಿದರೆ ಅದೂ ಪ್ರಚಾರವೇ ಅಲ್ವಾ?

ಪ್ರಶ್ನೆ: ಸೋವಿಯತ್ ಸರ್ಕಾರಕ್ಕೆ ತಲೆಬಾಗದ ಕಲಾವಿದರ ಪ್ರದರ್ಶನಗಳಲ್ಲಿ ಆ ಕಾಲದ ಪೋಸ್ಟರ್, ಲೋಟ, ಬೂಟುಗಳನ್ನೇ ಇಟ್ಟಿರುತ್ತಾರೆ. ವಿರೋಧಿಸಿದವರೇ ಅದನ್ನು ಮತ್ತೆ ತೋರಿಸೋದು ಯಾಕೆ? ಅದೂ ಪ್ರಚಾರವೇ ಆಗಲ್ವಾ?

ಉತ್ತರ: ಆಗುವುದಿಲ್ಲ. ಪೋಸ್ಟರ್ ಯಾರ ಮನೆಯ ಗೋಡೆಯ ಮೇಲಿದೆ ಅನ್ನುವುದನ್ನು ಈ ಕಲಾವಿದರು ಜೊತೆಯಲ್ಲೇ ತೋರಿಸುತ್ತಾರೆ. ಅವರಲ್ಲೊಬ್ಬರಾದ ಇಲ್ಯಾ ಕಬಕೋವ್ ಕಲಾಕೃತಿಯಾಗಿ ಕಟ್ಟಿದ ಒಂದು ಕೋಣೆಯನ್ನೇ ನೋಡೋಣ.

ಕೃತಿಯ ಹೆಸರು ‘ತನ್ನ ಮನೆಯಿಂದಲೇ ಬಾಹ್ಯಾಕಾಶಕ್ಕೆ ಹಾರಿದ ಮನುಷ್ಯ’. 1985ರಲ್ಲಿ ಮಾಸ್ಕೋದ ತಮ್ಮ ಸ್ಟುಡಿಯೋದಲ್ಲಿ ಕಟ್ಟಿದ್ದು. ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿದ್ದಾರೆ. ಸಂದಿಯಲ್ಲಿ ಇಣುಕಿದರೆ ಪುಟ್ಟ ಕೋಣೆ. ಒಂದು ಮಂಚ. ಗೋಡೆ ತುಂಬ ಕೆಂಪು ಕೆಂಪು ಪೋಸ್ಟರ್. ನಡುವೆ ಸ್ಪ್ರಿಂಗು, ರಬ್ಬರ್ ಪಟ್ಟಿಗಳಿಂದ ತೂಗುಬಿಟ್ಟ ಸೀಟು. ಅದರಲ್ಲಿ ಕೂತು ಚಿಮ್ಮಬೇಕು. ನೇರ ಮೇಲೆ ಸೂರಿನಲ್ಲಿ ದೊಡ್ಡ ತೂತು. ನೆಲದ ಮೇಲೆ ಉದುರಿದ ಗಾರೆ, ಒಂದು ಜೊತೆ ಬೂಟು. ಮನುಷ್ಯ ಮಾತ್ರ ಇಲ್ಲ. ಅವನ ಬಗ್ಗೆ ಅಕ್ಕಪಕ್ಕದವರು ಕೊಟ್ಟ ಹೇಳಿಕೆಗಳು ಹೊರಗಿವೆ.

1961ರಲ್ಲಿ ಸೋವಿಯತ್ ಗಗನಯಾತ್ರಿ ಗಗಾರಿನ್ ಮೊದಲ ಮನುಷ್ಯನಾಗಿ ಬಾಹ್ಯಾಕಾಶಕ್ಕೆ ಹಾರಿದ ಮೇಲೆ ಬಾಹ್ಯಾಕಾಶ ಎಲ್ಲರದೂ ಅನ್ನೋ ಮಾತು ಪೋಸ್ಟರ್‌ಗಳಲ್ಲಿ ತುಂಬಿತ್ತು. ಈ ಮನುಷ್ಯ ಅದನ್ನು ಪೂರ್ತಿ ನಂಬಿದ. ಯಾರ ಅನುಮತಿಯನ್ನೂ ಕೇಳದೆ ಹೊರಟ. ಪೋಸ್ಟರ್ ಕೊಟ್ಟ ಭರವಸೆ, ಈ ಹರಕು ಕೋಣೆ, ಎರಡನ್ನೂ ಒಟ್ಟಿಗೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸರ್ಕಾರವನ್ನು ಬೈದು ಬರೆದ ಎಷ್ಟೋ ಪುಟಗಳಿಗಿಂತ ಇದು ಜಾಸ್ತಿ ಹೇಳುತ್ತದೆ ಅಂತ ನನಗನ್ನಿಸುತ್ತದೆ.

ಕೋಣೆ ಅಷ್ಟು ಚಿಕ್ಕದಿರುವುದಕ್ಕೂ ಕಾರಣವಿದೆ. ಅದು ಕೊಮುನಾಲ್ಕಾದ ಕೋಣೆ. ಒಂದೇ ಮನೆಯಲ್ಲಿ ಹಲವು ಸಂಸಾರ, ತಲಾ ಒಂದು ಕೋಣೆ, ಅಡುಗೆಮನೆ ಮತ್ತು ಕಕ್ಕಸು ಎಲ್ಲರಿಗೂ ಸೇರಿ. ಕಬಕೋವ್ ಅಡುಗೆಮನೆಯ ಸಾಮಾನನ್ನು ಬಣ್ಣದ ಹಲಗೆಗೆ ಅಂಟಿಸಿ, ‘ಈ ಲೋಟ ಯಾರದು?’ ಅಂತ ಒಬ್ಬರು ಕೇಳುವುದನ್ನೂ ಇನ್ನೊಬ್ಬರು ಉತ್ತರ ಕೊಡುವುದನ್ನೂ ಮೂಲೆಯಲ್ಲಿ ಬರೆದರು. ಅಷ್ಟೇ. ಆ ಬದುಕಿನ ಇಕ್ಕಟ್ಟು ತಿಳಿಯಲು ಅಷ್ಟು ಸಾಕು.

ಇದನ್ನೆಲ್ಲ ಆಗ ಬಹಿರಂಗವಾಗಿ ತೋರಿಸುವ ಹಾಗಿರಲಿಲ್ಲ. 1974ರ ಸೆಪ್ಟೆಂಬರ್ 15ರಂದು ಮಾಸ್ಕೋದ ಬೆಲ್ಯಾಯೆವೊದಲ್ಲಿ ಕೆಲವು ಕಲಾವಿದರು ಬಯಲಲ್ಲಿ ಚಿತ್ರಗಳನ್ನು ಇಟ್ಟಾಗ ಅಧಿಕಾರಿಗಳು ಬುಲ್ಡೋಜರ್ ನುಗ್ಗಿಸಿ ಅವರನ್ನು ಚದುರಿಸಿದರು. ಕಬಕೋವ್ ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು. (ಸೋವಿಯತ್ ಮಕ್ಕಳ ಪುಸ್ತಕಗಳು ನವಕರ್ನಾಟಕದ ಮೂಲಕ ಕನ್ನಡಕ್ಕೂ ಬಂದವು. ಆ ಚಿತ್ರಗಳನ್ನು ಇಷ್ಟಪಟ್ಟು ನೋಡಿದವರು ನಮ್ಮಲ್ಲೂ ಇದ್ದಾರೆ.) ತಮಗಾಗಿ ಮಾಡಿದ್ದನ್ನು ಸ್ನೇಹಿತರಿಗೆ ಸ್ಟುಡಿಯೋದಲ್ಲೇ ತೋರಿಸುತ್ತಿದ್ದರು. ಆ ಕೋಣೆ ಜನರ ಮುಂದೆ ಬಂದದ್ದು 1988ರಲ್ಲಿ, ನ್ಯೂಯಾರ್ಕ್‌ನಲ್ಲಿ.

ಕೋಮರ್ ಮತ್ತು ಮೆಲಮಿಡ್ ಅನ್ನೋ ಕಲಾವಿದರ ಜೋಡಿಯದು ಬೇರೆ ದಾರಿ. 1972ರಲ್ಲಿ ಅವರು ‘ನಮ್ಮ ಗುರಿ ಕಮ್ಯುನಿಸಂ’ ಅನ್ನೋ ಘೋಷಣೆಯನ್ನು ಕೆಂಪು ಬಟ್ಟೆಯ ಮೇಲೆ ಇದ್ದ ಹಾಗೇ ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು. ಯಾರದೂ ಅಲ್ಲದ ಮಾತಿಗೆ ಇದ್ದಕ್ಕಿದ್ದಂತೆ ಇಬ್ಬರು ಹೊಣೆಯಾದರು. ಆ ಎರಡು ಹೆಸರು ಸೇರಿದ್ದೇ ತಡ, ಘೋಷಣೆಯ ಗತ್ತು ಹೋಯಿತು.

ನಿಮ್ಮ ಅನುಮಾನಕ್ಕೆ ಆಧಾರವೇ ಇಲ್ಲ ಅಂತಲ್ಲ. ಇದೇ ಪೋಸ್ಟರ್‌ಗಳನ್ನು ಸುಮ್ನೆ ಚೌಕಟ್ಟು ಹಾಕಿ, ಅಂದಕ್ಕೆ ಅಂತ ಮಾರುವುದೂ ಇದೆ. ಅಲ್ಲಿ ಕೋಣೆಯೂ ಇಲ್ಲ, ಅಕ್ಕಪಕ್ಕದವರ ಮಾತೂ ಇಲ್ಲ. ನಿಮ್ಮ ಪ್ರಶ್ನೆಯನ್ನು ಅಲ್ಲಿ ಖಂಡಿತ ಕೇಳಬೇಕು.