ಯೋಯೋ: ಲೋಹದ ಹೆಸರಿಗೆ ಬೆಲೆ, ಗ್ರಾಮಿನ ಜಾಗಕ್ಕೆ ಆಟ

ಒಳ್ಳೆಯ ಯೋಯೋ ಕೊಳ್ಳಲು ಹೊರಟವರಿಗೆ ಈಗ ಮೊದಲು ಎದುರಾಗುವುದು ಲೋಹಗಳ ಪಟ್ಟಿ. 6061, 7075, 7068 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳು, ಟೈಟಾನಿಯಂ, ಎರಡು ಲೋಹ ಸೇರಿದ ಬೈಮೆಟಲ್, ಮೂರು ಸೇರಿದ ಟ್ರೈಮೆಟಲ್. ಲೋಹ ದುಬಾರಿಯಾದಷ್ಟೂ ಆಟ ಸುಲಭ ಎಂಬ ನಂಬಿಕೆ ಆ ಪಟ್ಟಿಯ ಜೊತೆಗೇ ಮಾರಾಟವಾಗುತ್ತದೆ. ವ್ಯಾಸ, ಅಗಲ, ತೂಕ, ಬೇರಿಂಗ್ ಸೈಜ್ ಎಲ್ಲವನ್ನೂ ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರೆ. ಆ ತೂಕ ಎಲ್ಲಿ ಕೂತಿದೆ ಎನ್ನುವುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಅಚ್ಚು ಹಾಕುವುದಿಲ್ಲ.

ಆಟಿಕೆ ಹಳೆಯದು. ಗ್ರೀಕರ ಕ್ರಿ.ಪೂ. ಐದನೆಯ ಶತಮಾನದ ಮಣ್ಣಿನ ಪಾತ್ರೆಯ ಮೇಲೂ, 1770ರ ಸುಮಾರಿನ ಉತ್ತರ ಭಾರತದ ಚಿತ್ರವೊಂದರಲ್ಲೂ ಯೋಯೋ ಆಡುವವರಿದ್ದಾರೆ. ಫಿಲಿಪೀನ್ಸ್ ಮೂಲದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆ ತೆರೆದರು. ಕೆಲವೇ ವರ್ಷಗಳಲ್ಲಿ ವ್ಯಾಪಾರ ಡೊನಾಲ್ಡ್ ಡಂಕನ್ ಕೈಗೆ ಹೋಯಿತು, ಮುಂದಿನ ಅರ್ಧ ಶತಮಾನ ಮರ ಮತ್ತು ಪ್ಲಾಸ್ಟಿಕ್‌ನದಾಯಿತು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಟಾಮ್ ಕುನ್ ಬಿಚ್ಚಿ ಜೋಡಿಸಬಹುದಾದ ಮರದ ಯೋಯೋಗೆ ಪೇಟೆಂಟ್ ಪಡೆದರು. 1984ರಲ್ಲಿ ಸ್ವೀಡನ್ನಿನ ಬೇರಿಂಗ್ ಕಂಪನಿ ಎಸ್‌ಕೆಎಫ್ ಕೆಲಕಾಲ ಬಾಲ್ ಬೇರಿಂಗ್ ಇರುವ ಯೋಯೋ ಮಾಡಿತು. 1990ರಲ್ಲಿ ಕುನ್ ಅವರದೇ ಅಲ್ಯೂಮಿನಿಯಂ ಯೋಯೋ ಎಸ್‌ಬಿ-2 ಬೇರಿಂಗ್‌ನೊಂದಿಗೆ ಬಂತು, ನಿಂತಿತು. 1997ರ ಹೊತ್ತಿಗೆ ಜಪಾನಿನಲ್ಲಿ ಬಂಡಾಯ್ ಕಂಪನಿಯ ಹೈಪರ್ ಯೋಯೋ ಹುಚ್ಚು ಹಬ್ಬಿತು. ಆ ಹುಚ್ಚು ಇಳಿದ ಮೇಲೂ ಬಿಡದೆ ಆಡಿದವರಿಂದಲೇ ಇಂದಿನ ಕಥೆ ಶುರುವಾಗುತ್ತದೆ.

2000ದ ನಂತರ ಆಟವೇ ಬದಲಾಯಿತು. ಕೈ ಎಳೆದರೆ ತಾನಾಗಿ ಮೇಲೇರುವ ಯೋಯೋ ಹಿಂದೆ ಸರಿಯಿತು. ಎಳೆದರೂ ಏರದೆ ದಾರದ ತುದಿಯಲ್ಲೇ ತಿರುಗುವ, ಬೇಕಾದಾಗ ದಾರವನ್ನು ಮಡಚಿ ಒಳಕ್ಕೆ ಕೊಟ್ಟು 'ಬೈಂಡ್' ಮಾಡಿ ಕೈಗೆ ತಂದುಕೊಳ್ಳುವ ಯೋಯೋ ಮುಂದೆ ಬಂತು. ಒಂದು ಎಸೆತದಲ್ಲಿ ಹತ್ತು ಸೆಕೆಂಡ್ ಸಾಕಾಗುತ್ತಿದ್ದ ಕಡೆ ಅರ್ಧ ನಿಮಿಷದ ಕಾಂಬೊ, ಅಂದರೆ ಕರಾಮತ್ತುಗಳ ಸರಣಿ, ಬೇಕಾಯಿತು. ತೂಕದ ಹಂಚಿಕೆ ಅಲ್ಲಿಂದಾಚೆಗೆ ನಿಜವಾದ ಪ್ರಶ್ನೆಯಾಯಿತು.

ಲೆಕ್ಕ ಇಷ್ಟೆ. ತಿರುಗುವ ವಸ್ತುವಿನ ಜಡತ್ವ, ಪಿಯುಸಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದಿದ್ದು, ದೂರದ ವರ್ಗದ ಜೊತೆ ಬೆಳೆಯುತ್ತದೆ. ಅಕ್ಷದಿಂದ 15 ಮಿ.ಮೀ. ದೂರದಲ್ಲಿರುವ ಒಂದು ಗ್ರಾಂ 225 ಗ್ರಾಂ-ಚದರ ಮಿ.ಮೀ. ಕೊಟ್ಟರೆ, ಅದೇ ಗ್ರಾಂ 25 ಮಿ.ಮೀ. ದೂರದಲ್ಲಿ 625 ಕೊಡುತ್ತದೆ. ಬುಗುರಿ ಆಡಿದವರಿಗೆ ಇದು ಹೊಸದಲ್ಲ, ಹೊಟ್ಟೆ ಅಗಲವಿದ್ದದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಲಾಭ ಪೂರ್ತಿ ಕೈಗೆ ಸಿಗುವುದಿಲ್ಲ. ಕೈ ಕೊಡುವ ಶಕ್ತಿಗೆ ಮಿತಿಯಿದೆ. ಜಡತ್ವ ಹೆಚ್ಚಿದರೆ ಅದೇ ಎಸೆತಕ್ಕೆ ವೇಗ ಕಡಿಮೆಯಾಗುತ್ತದೆ. ಶಕ್ತಿ ಅಷ್ಟೇ ಇದ್ದು ಜಡತ್ವ ಎರಡು ಪಟ್ಟಾದರೆ ಕೋನೀಯ ಸಂವೇಗ ಏರುವುದು 1.41 ಪಟ್ಟು ಮಾತ್ರ. ತಿರುಗುವ ಹೊತ್ತೂ, ಓರೆಯಾಗದೆ ನಿಲ್ಲುವ ಗುಣವೂ ಆ ಸಂವೇಗವನ್ನೇ ಹಿಂಬಾಲಿಸುತ್ತವೆ.

ಇನ್ನೊಂದು ಗೊಂದಲವೂ ಇದೆ. ಅಂಚು ಭಾರವಾದರೆ ಯೋಯೋ ಮಂದವಾಗುತ್ತದೆ ಎನ್ನುತ್ತಾರೆ. ಅದನ್ನು ಎಡಕ್ಕೆ ಬಲಕ್ಕೆ ಎಳೆದಾಡಲು ಬೇಕಾದ ಬಲ ಒಟ್ಟು ತೂಕದ ಮೇಲೆ ನಿಂತಿದೆ, ಅಂಚಿನ ಮೇಲಲ್ಲ. ಅಂಚಿನ ಭಾರ ಅಡ್ಡಿಪಡಿಸುವುದು ತಿರುಗುವ ಸಮತಲವನ್ನೇ ಬದಲಿಸಲು ಹೋದಾಗ. ಹಾಗಾಗಿ 64 ಗ್ರಾಂನ ಅಂಚುಭಾರದ ಯೋಯೋ 68 ಗ್ರಾಂನ ನಡುಭಾರದ್ದಕ್ಕಿಂತ ಚುರುಕಾಗಿ ಓಡಬಲ್ಲದು.

ಈ ಲೆಕ್ಕವನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಳಸಿದ್ದು ಲೋಹದ ಯೋಯೋಗಳೇ ಅಲ್ಲ. ಅಮೆರಿಕದ ಯೋಯೋಜಾಮ್ ಪ್ಲಾಸ್ಟಿಕ್ ದೇಹಕ್ಕೆ ಲೋಹದ ಉಂಗುರ ಕೂರಿಸಿ 2000ದ ದಶಕದಲ್ಲಿ ಸ್ಪರ್ಧೆಗಳಲ್ಲಿ ಮಿಂಚಿತು. ಹಗುರ ದೇಹ, ಭಾರದ ಅಂಚು: ಇಂದಿನ ಬೈಮೆಟಲ್‌ನ ಯೋಚನೆ ಅಲ್ಲಿ ಆಗಲೇ ಪೂರ್ತಿಯಾಗಿತ್ತು. ಅದೇ ಕಾಲದಲ್ಲಿ ಡಂಕನ್ ಕಂಪನಿ ಮೆಗ್ನೀಸಿಯಂ ಪ್ರಯತ್ನಿಸಿತು. ಘನ ಸೆಂ.ಮೀ.ಗೆ ಸುಮಾರು 1.8 ಗ್ರಾಂ ಮಾತ್ರ ತೂಗುವ ಲೋಹ ಅದು, ಅಷ್ಟೇ ಹಟಮಾರಿ. ಲೇತ್‌ನಲ್ಲಿ ಅದರ ಸಣ್ಣ ತುರಿ ಬೆಂಕಿ ಹಿಡಿಯಬಲ್ಲದು, ತೇವಕ್ಕೆ ಬೇಗ ಕೊಳೆಯುತ್ತದೆ. ಹಾಗಾಗಿ ಕೊನೆಗೆ ಗೆದ್ದದ್ದು ಅಲ್ಯೂಮಿನಿಯಂ.

2006ರಿಂದ ಮುಂದಿನ ಹತ್ತು ವರ್ಷಗಳೇ ಈ ಕಥೆಯ ತಿರುಳು. ಅರಿಜೋನಾದ ಯೋಯೋಫ್ಯಾಕ್ಟರಿಯ 888, ಆರೆಗಾನ್‌ನ ಒನ್ ಡ್ರಾಪ್, ಕೆನಡಾದ ಕ್ಯಾರಿಬೂ ಲಾಡ್ಜ್ ಮೊದಲಾದವು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ನಲ್ಲಿ ಅಲ್ಯೂಮಿನಿಯಂ ಸಲಾಕೆ ಕಡೆದು ಯೋಯೋ ಮಾಡತೊಡಗಿದವು. ಬೇರಿಂಗ್ 'ಸಿ' ಸೈಜಿಗೆ ಬಂದು ನಿಂತಿತು: ಒಳವ್ಯಾಸ 6.35, ಹೊರವ್ಯಾಸ 12.7, ದಪ್ಪ 4.76 ಮಿ.ಮೀ. ಬೈಂಡ್ ಮಾಡುವಾಗ ದಾರವನ್ನು ಹಿಡಿಯಲೆಂದು ಡಬ್ಬಿಯಿಂದ ಹಚ್ಚುತ್ತಿದ್ದ ಸಿಲಿಕೋನ್ ಹೋಗಿ 19 ಮಿ.ಮೀ.ನ ಸಿದ್ಧ ಪ್ಯಾಡ್ ಬಂತು.

ಆಕಾರವೂ ಜೊತೆಯಲ್ಲೇ ಬದಲಾಯಿತು. ದುಂಡಗೆ ಬಾಗಿದ ಗೋಡೆಯ ಹಳೆಯ ಯೋಯೋಗಳಲ್ಲಿ ದಾರ ಪಕ್ಕಕ್ಕೆ ಉಜ್ಜುತ್ತಿತ್ತು. ತಿರುಗುವುದನ್ನು ನಿಲ್ಲಿಸುತ್ತಿದ್ದುದು ಬೇರಿಂಗ್‌ಗಿಂತ ಹೆಚ್ಚಾಗಿ ಈ ಉಜ್ಜಾಟ. ವಿ ಆಕಾರದ ನೇರ ಗೋಡೆ ದಾರಕ್ಕೆ ಜಾಗ ಬಿಟ್ಟುಕೊಟ್ಟಿತು. ಅಗಲ 40 ಮಿ.ಮೀ. ದಾಟಿತು, ವ್ಯಾಸ 55ರ ಆಸುಪಾಸು ನೆಲೆಸಿತು. ಗೋಡೆ ತೆಳುವಾಗಿಸಿ ಉಳಿಸಿದ ಗ್ರಾಂಗಳನ್ನೆಲ್ಲ ಅಂಚಿಗೆ ಸರಿಸಿದರು.

6061 ಮತ್ತು 7075ರ ಜಗಳ ಹುಟ್ಟಿದ್ದು ಇಲ್ಲೇ. ಸಾಂದ್ರತೆ ಘನ ಸೆಂ.ಮೀ.ಗೆ 2.70 ಮತ್ತು 2.81 ಗ್ರಾಂ, ಅಂದರೆ ಶೇ. 4ರ ವ್ಯತ್ಯಾಸ. ಕೈಯಲ್ಲಿ ಹಿಡಿದು ಯಾರೂ ಪತ್ತೆ ಹಚ್ಚಲಾರರು. ಗಟ್ಟಿತನದಲ್ಲಿ ಮಾತ್ರ ಅಂತರ ದೊಡ್ಡದು: ಶಾಖ ಕೊಟ್ಟು ಗಟ್ಟಿ ಮಾಡಿದ ಟಿ6 ಹದದಲ್ಲಿ 6061 ಸುಮಾರು 276 ಮೆಗಾಪ್ಯಾಸ್ಕಲ್‌ಗೆ ಶಾಶ್ವತವಾಗಿ ಬಾಗಿದರೆ 7075 ಸುಮಾರು 500ರವರೆಗೆ ತಡೆಯುತ್ತದೆ. ಅಂದರೆ ಗೋಡೆಯನ್ನು ಇನ್ನಷ್ಟು ತೆಳ್ಳಗೆ ಕಡೆಯಬಹುದು, ಎರಡು ಅರ್ಧಗಳನ್ನು ಜೋಡಿಸುವ ಆಕ್ಸಲ್ ಕೂರುವ ಎಂ4 ಥ್ರೆಡ್ ಬೇಗ ಸವೆಯುವುದಿಲ್ಲ. ಆ ಅವಕಾಶವನ್ನು ವಿನ್ಯಾಸ ಬಳಸಿಕೊಳ್ಳದಿದ್ದರೆ ದುಬಾರಿ ಮಿಶ್ರಲೋಹದಿಂದ ಆಟಕ್ಕೆ ಬರುವ ಭಾಗ್ಯ ಏನೂ ಇಲ್ಲ. 2014ರ ಪ್ರಾಗ್ ವಿಶ್ವಸ್ಪರ್ಧೆಯಲ್ಲಿ, ಒಂದೇ ಯೋಯೋದಿಂದ ದಾರದ ಕರಾಮತ್ತು ತೋರಿಸುವ 1ಎ ವಿಭಾಗವನ್ನು ಜೆಂಟ್ರಿ ಸ್ಟೈನ್ ಗೆದ್ದದ್ದು ಶಟ್ಟರ್ ಎಂಬ ಒಂದೇ ಲೋಹದ ಯೋಯೋದಿಂದ. ಅದರ ಬೆಲೆ 50 ಡಾಲರ್ ಕೂಡ ಮುಟ್ಟುತ್ತಿರಲಿಲ್ಲ.

ಅದೇ ಹೊತ್ತಿಗೆ ಜಪಾನಿನ ಯೋಯೋರಿಕ್ರಿಯೇಶನ್‌ನ ಡ್ರಾಪ್ನಿರ್‌ನಂಥವು ಅಲ್ಯೂಮಿನಿಯಂ ದೇಹಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಉಂಗುರ ಕೂರಿಸಿ ಹೊಸ ಅಲೆ ಎಬ್ಬಿಸಿದವು. ಸ್ಟೀಲ್ ಅಲ್ಯೂಮಿನಿಯಂನ ಮೂರು ಪಟ್ಟು ಭಾರ, ಹಾಗಾಗಿ ಅದೇ ತೂಕ ಮೂರನೇ ಒಂದು ಜಾಗದಲ್ಲಿ ಹಿಡಿಯುತ್ತದೆ. 56 ಮಿ.ಮೀ. ವ್ಯಾಸದ ಯೋಯೋ ಒಂದರ ಎರಡೂ ಅರ್ಧಗಳ ಅಂಚಿನಲ್ಲಿ 4 ಮಿ.ಮೀ. ಅಗಲದ ಪಟ್ಟಿಗೆ ತಲಾ 8 ಗ್ರಾಂ ಕೂರಿಸಬೇಕೆಂದುಕೊಳ್ಳಿ. ಸ್ಟೀಲ್‌ಗೆ 1.5 ಮಿ.ಮೀ. ದಪ್ಪ ಸಾಕು. ಅಲ್ಯೂಮಿನಿಯಂಗೆ 4.6 ಬೇಕು, ಅಷ್ಟೂ ಒಳಮುಖವಾಗಿ. ಆ 8 ಗ್ರಾಂನ ಜಡತ್ವದಲ್ಲಿ ಸ್ಟೀಲ್‌ಗೆ ಸಿಗುವ ಮುನ್ನಡೆ ಸುಮಾರು ಶೇ. 12. ಇಡೀ ಯೋಯೋದ ಲೆಕ್ಕಕ್ಕೆ ತಂದು, ಮೇಲೆ ಹೇಳಿದ ವರ್ಗಮೂಲವನ್ನೂ ಸೇರಿಸಿದರೆ ತಿರುಗುವ ಹೊತ್ತಿನಲ್ಲಿ ಉಳಿಯುವುದು ಶೇ. ಎರಡೋ ಮೂರೋ. ಉಂಗುರಕ್ಕೆ ಇನ್ನೂ ಹೆಚ್ಚು ಗ್ರಾಂ ಕೊಟ್ಟು ನಡುವನ್ನು ಬರಿದು ಮಾಡಿದಷ್ಟೂ ಇದು ಏರುತ್ತದೆ. ಮೂರು ನಿಮಿಷದ ಫೈನಲ್‌ನಲ್ಲಿ ಯೋಯೋ ಬದಲಿಸಿದರೆ ಅಂಕ ಹೋಗುವವರಿಗೆ ಆ ಸಣ್ಣ ಶೇಕಡಾವಾರು ಬೆಲೆಬಾಳುತ್ತದೆ. ಮನೆಯಂಗಳದಲ್ಲಿ ಕಲಿಯುವವರಿಗೆ ಎಸೆತ ನೇರವಾಗುವುದೇ ಅದಕ್ಕಿಂತ ದೊಡ್ಡ ಲಾಭ.

ಉಂಗುರ ತನ್ನದೇ ತಾಪತ್ರಯಗಳನ್ನೂ ತಂದಿತು. ಅದನ್ನು ಅಂಟಿಲ್ಲದೆ ಒತ್ತಿ ಕೂರಿಸುತ್ತಾರೆ. ಒಂದು ಕಡೆ ಕೂದಲೆಳೆಯಷ್ಟು ಎದ್ದು ಕೂತರೂ ಬೆರಳಿಗೆ ನಡುಕ ಬರುತ್ತದೆ. ನೆಲಕ್ಕೆ ಬಡಿದರೆ ಅಲ್ಯೂಮಿನಿಯಂ ತಗ್ಗು ಬೀಳುತ್ತದೆ, ಉಂಗುರ ಜರುಗುತ್ತದೆ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚು ಹಿಗ್ಗುವುದರಿಂದ ಹೊರಗೆ ತೊಡಿಸಿದ ಉಂಗುರ ಬಿಗಿಯಾಗುತ್ತದೆ, ಒಳಬಟ್ಟಲಲ್ಲಿ ಕೂರಿಸಿದ್ದು ಸಡಿಲವಾಗುತ್ತದೆ. ನಡುಕ ಬಂತೆಂದು ತಕ್ಷಣ ಉಂಗುರವನ್ನು ದೂರುವುದೂ ಬೇಡ. ಮೊದಲು ಬೇರಿಂಗ್ ಬದಲಿಸಿ ನೋಡಿ, ಆಮೇಲೆ ಆಕ್ಸಲ್ ತಿರುವುಮುರುವು ಹಾಕಿ, ಎರಡೂ ಕಡೆ ಸಮನಾಗಿ ಒಳಹೋಗಿದೆಯೇ ಗಮನಿಸಿ. ಬಿಗಿಯುವಾಗ ಕೈಬಿಗಿ ಸಾಕು. ಥ್ರೆಡ್ ಕಿತ್ತುಹೋದರೆ ಆ ಅರ್ಧ ಭಾಗ ಬಹುಪಾಲು ಮುಗಿದಂತೆ.

ಟೈಟಾನಿಯಂ ಬಗ್ಗೆ ಭ್ರಮೆ ಹೆಚ್ಚು. ಗ್ರೇಡ್ 5 ಎಂಬ ಟೈಟಾನಿಯಂ ಮಿಶ್ರಲೋಹದ ಸಾಂದ್ರತೆ 4.43. ಗಟ್ಟಿ, ಬಿದ್ದರೆ ತಗ್ಗು ಕಡಿಮೆ, ಕಾಂಕ್ರೀಟಿಗೆ ತಾಗಿಸಿದರೆ ಕಿಡಿ ಹಾರುತ್ತದೆ, ಚೆಂದ. ಆದರೆ ಬೇರಿಂಗ್ ಕೂರುವ ಗುಬುಟು, ಆಕ್ಸಲ್ ಹಿಡಿಯುವ ತಳ ಇವನ್ನು ಯಾವ ಲೋಹದಲ್ಲೂ ಇಷ್ಟಕ್ಕಿಂತ ಸಣ್ಣ ಮಾಡಲಾಗದು. ಆ ಭಾಗ ಟೈಟಾನಿಯಂನಲ್ಲಿ 6061ಕ್ಕಿಂತ 1.6 ಪಟ್ಟು ತೂಗುತ್ತದೆ, ಅದೂ ತೂಕ ಬೇಡದ ನಡುವಿನಲ್ಲಿ. ಗೋಡೆಯನ್ನು ಅತಿ ತೆಳುವಾಗಿ ಕಡೆದು ಆ ನಷ್ಟ ತುಂಬಬೇಕು. ಲೋಹ ಬಿಸಿಯನ್ನು ಬೇಗ ಬಿಡದೆ ಟೂಲ್ ತಿನ್ನುವುದರಿಂದ ಕಡೆಯುವುದೂ ನಿಧಾನ. ಬೆಲೆಯ ದೊಡ್ಡ ಪಾಲು ಈ ಲೇತ್ ಸಮಯದ್ದು.

ನಿಮ್ಮ ಯೋಯೋದ ತೂಕ ಎಲ್ಲಿದೆ ಎಂದು ಅಳೆಯಲು ಪ್ರಯೋಗಾಲಯ ಬೇಡ. ದಾರ ಬಿಚ್ಚಿ, ಅಕ್ಷ ನೇರ ಮೇಲ್ಮುಖವಾಗುವಂತೆ ಯೋಯೋವನ್ನು ಮಲಗಿಸಿ, ನಡುವಿನಿಂದ ಸಮದೂರದಲ್ಲಿ, ಪರಸ್ಪರ 50 ಮಿ.ಮೀ. ಅಂತರದಲ್ಲಿ ಎರಡು ತೆಳು ನೂಲು ಅಂಟಿಸಿ. ಎರಡೂ 50 ಸೆಂ.ಮೀ. ಉದ್ದವಿರುವಂತೆ ಮೇಲಿನಿಂದ ತೂಗುಹಾಕಿ, ಮೇಲೂ ಅದೇ 50 ಮಿ.ಮೀ. ಅಂತರ. ಸ್ವಲ್ಪವೇ ತಿರುಚಿ ಬಿಟ್ಟು 20 ಪೂರ್ತಿ ಆಂದೋಲನಕ್ಕೆ ಹಿಡಿದ ಸೆಕೆಂಡುಗಳನ್ನು 20ರಿಂದ ಭಾಗಿಸಿ, 17.6ರಿಂದ ಗುಣಿಸಿ. ಬರುವ ಮಿಲಿಮೀಟರ್, ತೂಕವೆಲ್ಲ ಅಕ್ಷದಿಂದ ಸರಾಸರಿ ಎಷ್ಟು ದೂರದಲ್ಲಿದ್ದಂತೆ ಎಂಬುದು. ಉದಾಹರಣೆಗೆ 21.6 ಸೆಕೆಂಡ್ ಬಂದರೆ 19 ಮಿ.ಮೀ. ಒಂದೇ ದಪ್ಪದ 56 ಮಿ.ಮೀ. ಗಟ್ಟಿ ಬಿಲ್ಲೆಗೆ ಈ ಅಂಕಿ 19.8. ನೂಲುಗಳು ಸಮ ಉದ್ದವಿಲ್ಲದಿದ್ದರೆ, ಯೋಯೋ ತಿರುಚುವ ಬದಲು ಪಕ್ಕಕ್ಕೆ ತೂಗಿದರೆ ಲೆಕ್ಕ ಕೆಡುತ್ತದೆ, ನಿಲ್ಲಿಸಿ ಮತ್ತೆ ಬಿಡಿ. ಒಂದೇ ವ್ಯಾಸದ ಎರಡು ಯೋಯೋಗಳನ್ನು ಹೀಗೆ ಅಳೆದು ನೋಡಿದ ಮೇಲೆ ಬೆಲೆಚೀಟಿ ಓದಿ.