ಕೂಡಿಸುವ ಮೊದಲು ಎಣಿಸಿ ನೋಡಿ

ಕಲಬುರಗಿ ಗಂಜ್‌ನ ಅಡತ್ ಅಂಗಡಿಯವರು, ದಾಲ್ ಮಿಲ್‌ನವರು ನನಗೆ ತಂದುಕೊಡುವ ಫೈಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಸಾಲಿಗೊಂದು ವ್ಯವಹಾರ: ತಾರೀಖು, ತಾಲೂಕು, ಕ್ವಿಂಟಲ್, ದರ. ನಡುವೆ ಕಮಾ. ಕೇಳುವುದೂ ಒಂದೇ: "ಯಾವ ತಾಲೂಕಿಂದ ಎಷ್ಟ್ ತೊಗರಿ ಬಂದದ ನೋಡಿ ಹೇಳ್ರಿ ಸರ್."

ಇದಕ್ಕೆ ಎಕ್ಸೆಲ್ ಸಾಲದಾ? ಒಂದು ಹಂಗಾಮಿಗೆ ಸಾಕು. ಹಲವು ವರ್ಷದ ಫೈಲ್ ಸೇರಿಸಿದರೆ ಕಷ್ಟ, ಏಕೆಂದರೆ ಒಂದು ಶೀಟಿನಲ್ಲಿ 10,48,576 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಆದರೆ ನಾನು ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ತೆರೆಯುವುದು ಇನ್ನೊಂದು ಕಾರಣಕ್ಕೆ. ಅಲ್ಲಿ ಪ್ರತಿ ಹಂತದಲ್ಲೂ ನಿಂತು ಏನಾಯಿತೆಂದು ನೋಡಬಹುದು.

ಒಂದು ಕಮಾಂಡ್ ಹೊರಗೆ ಬಿಟ್ಟದ್ದನ್ನು ಮುಂದಿನದಕ್ಕೆ ದಾಟಿಸುವುದು ಪೈಪ್, ಅಂದರೆ ಕೀಬೋರ್ಡಿನ ನಿಂತ ಗೆರೆ (|). ತೋಟದ ನೀರಿನ ಪೈಪಿಗೆ ತುಂಡು ಸೇರಿಸಿದ ಹಾಗೆ ಪ್ರೋಗ್ರಾಂಗಳನ್ನು ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಆಪರೇಟಿಂಗ್ ಸಿಸ್ಟಂ ಆದ ಯುನಿಕ್ಸ್‌ಗೆ ತಂದರು.

ಫೈಲ್ ಕೈಗೆ ಬಂದ ಕೂಡಲೇ ನಾನು ಕ್ವಿಂಟಲ್ ಕೂಡಿಸಲು ಹೋಗುವುದಿಲ್ಲ. ಮೊದಲು 'ಕಟ್'ನಿಂದ ತಾಲೂಕಿನ ಕಾಲಂ ಮಾತ್ರ ತೆಗೆಯುತ್ತೇನೆ. ಅದನ್ನು ಸಾಲುಗಳನ್ನು ಕ್ರಮವಾಗಿ ಜೋಡಿಸುವ 'ಸಾರ್ಟ್'ಗೆ ಕೊಡುತ್ತೇನೆ. ಅಲ್ಲಿಂದ 'ಯುನಿಕ್ -ಸಿ'ಗೆ, ಅದು ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ. ನಡುವಿನ ಸಾರ್ಟ್ ಬಿಡಬೇಡಿ. ಯುನಿಕ್ ನೋಡುವುದು ಹಿಂದಿನ ಸಾಲನ್ನು ಮಾತ್ರ. ಒಂದೇ ಹೆಸರು ದೂರದೂರ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪಟ್ಟಿ ಬಂದ ಮೇಲೆ ತಮಾಷೆ ನೋಡಿ. ಆಳಂದ, ಅಳಂದ, ಆಳಂದ್, ಕೊನೆಗೆ ಸ್ಪೇಸ್ ಇರುವ ಇನ್ನೊಂದು ಆಳಂದ. ಗುಲ್ಬರ್ಗ ಬೇರೆ, ಕಲಬುರಗಿ ಬೇರೆ. 2014ರ ನವೆಂಬರ್ 1ರಂದೇ ಊರಿನ ಹೆಸರು ಬದಲಾಯಿತು, ಮುನ್ಷಿಗಳ ಬೆರಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ! ಇವನ್ನೆಲ್ಲ ಹುಡುಕಿ ಬದಲಿಸುವ 'ಸೆಡ್'ನಿಂದ ಒಂದೇ ಹೆಸರಿಗೆ ತರಬಹುದು. ತರದೆ ಕೂಡಿಸಿದರೆ ಒಂದು ತಾಲೂಕಿನ ತೊಗರಿ ನಾಲ್ಕು ಕಡೆ ಹಂಚಿಹೋಗುತ್ತದೆ. ಒಟ್ಟು ಮೊತ್ತ ಸರಿಯಾಗೇ ಇರುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ.

ಇನ್ನೂ ತಲೆ ತಿನ್ನುವುದು ಚಿಂಚೋಳಿ. ಪಟ್ಟಿಯಲ್ಲಿ ಎರಡು ಚಿಂಚೋಳಿ, ಎಷ್ಟು ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ. ಯೂನಿಕೋಡ್‌ನಲ್ಲಿ 'ಚೋ'ದ ಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಹಾಗಾಗಿ ಒಂದು ಚಿಂಚೋಳಿ 21 ಬೈಟ್, ಇನ್ನೊಂದು 27. ಸಂಶಯ ಬಂದರೆ ಎರಡನ್ನೂ ಬೈಟ್ ಎಣಿಸುವ 'ಡಬ್ಲ್ಯುಸಿ -ಸಿ'ಗೆ ಕೊಟ್ಟು ನೋಡಿ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿದ ಫೈಲ್‌ಗಳಲ್ಲಿ ನನಗೆ ಇದು ಆಗಾಗ ಸಿಗುತ್ತದೆ. ಯೂನಿಕೋಡ್ ರೂಪ ಬದಲಿಸುವ 'ಯುಕಾನ್ವ್'ನಲ್ಲಿ, ತುಂಡುಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ.

ಇಷ್ಟಾದ ಮೇಲೆ ಕೂಡಿಸುವುದು ಸುಲಭ. ಕಾಲಂವಾರು ಲೆಕ್ಕ ಮಾಡುವ 'ಆಕ್'ಗೆ ಕಮಾ ಬೇರ್ಪಡಿಕೆ ಅಂತ ಹೇಳಿ, ಎರಡನೇ ಕಾಲಂನ ಹೆಸರಿಗೆ ಮೂರನೇ ಕಾಲಂ ಸೇರಿಸುತ್ತಾ ಹೋಗು ಅಂದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕೊನೆಗೆ ಜಾಸ್ತಿಯಿಂದ ಕಡಿಮೆಗೆ ಬರಲು ಇನ್ನೊಂದು ಸಾರ್ಟ್. ಅದಕ್ಕೆ ಕ್ರಮ ತಿರುಗಿಸುವ '-ಆರ್' ಜೊತೆ '-ಎನ್' ಕೂಡ ಹಾಕಬೇಕು, '-ಎನ್' ಇಲ್ಲದಿದ್ದರೆ ಅಂಕಿಯನ್ನು ಅಕ್ಷರದ ಹಾಗೆ ಓದಿ 9ನ್ನು 1000ಕ್ಕಿಂತ ಮೇಲೆ ಕೂರಿಸುತ್ತದೆ.

ಎರಡು ಕಡೆ ಎಚ್ಚರ ಬೇಕು. ದರವನ್ನು "7,850" ಎಂದು ಕಮಾ ಹಾಕಿ ಬರೆದಿದ್ದರೆ ಕಟ್‌ಗೆ ಉದ್ಧರಣ ಚಿಹ್ನೆ ಅರ್ಥವಾಗುವುದಿಲ್ಲ, ಅಲ್ಲೂ ಕತ್ತರಿಸುತ್ತದೆ. ಸಾಫ್ಟ್‌ವೇರ್‌ನಿಂದ ಫೈಲ್ ತೆಗೆಯುವಾಗಲೇ ಕಮಾ ಬದಲು ಟ್ಯಾಬ್ ಕೇಳಿ. ಇನ್ನೊಂದು, ಓದುತ್ತಿರುವ ಫೈಲಿಗೇ ದೊಡ್ಡ-ಚಿಹ್ನೆ (>) ಹಾಕಿ ಉತ್ತರ ಬರೆಸಬೇಡಿ. ಕಮಾಂಡ್ ಶುರುವಾಗುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ) ಆ ಫೈಲನ್ನು ಖಾಲಿ ಮಾಡಿಬಿಡುತ್ತದೆ. ಅದೇ ಫೈಲ್ ಬೇಕೇ ಬೇಕು ಅಂದರೆ ಸಾರ್ಟ್‌ಗೆ '-ಒ' ಇದೆ, ಉಳಿದವಕ್ಕೆ ಬೇರೆ ಹೆಸರು ಕೊಡಿ.