ಮೇರಿ ಮತ್ತು ಎಮಿಲಿ: ಗುಲಾಮಗಿರಿಯ ಪಾಠಕ್ಕೆ ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಗುಲಾಮಗಿರಿ ಪಾಠದಲ್ಲಿ 'ಗುಲಾಮಳಾದ ಅಕ್ಕ ತಂಗಿಯನ್ನು ಹೇಗೆ ನೋಡಿಕೊಂಡಳು' ಅನ್ನುವ ಪ್ರಶ್ನೆ ಬಂದರೆ ನಮ್ಮ ಮಂಗಳೂರಿನ ಓದುಗುಂಪಿನಲ್ಲಿ ಮುಕ್ಕಾಲು ಮಂದಿ ಒಂದೇ ಉತ್ತರ ಬರೆಯುತ್ತಾರೆ: ಅಕ್ಕ ತಂಗಿಯನ್ನು ತಾಯಿಯ ಹಾಗೆ ನೋಡಿಕೊಂಡಳು. ಸುಳ್ಳಲ್ಲ. ಆದರೆ ಈ ಮಾತನ್ನು ಯಾವ ಮನೆಯ ಅಕ್ಕನ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ತನ್ನ ಮೈಯೇ ತನ್ನದಲ್ಲದ ಹುಡುಗಿ ಇನ್ನೊಬ್ಬಳನ್ನು ಹೇಗೆ ಕಾಯುತ್ತಾಳೆ ಅನ್ನುವುದು ಉತ್ತರದಲ್ಲಿ ಬರಬೇಕು. ಅದಕ್ಕೆ ವಾಷಿಂಗ್ಟನ್‌ನ ಮೇರಿ ಮತ್ತು ಎಮಿಲಿ ಎಡ್ಮನ್ಸನ್ ಅವರ ನಿಜಕತೆ ಇಟ್ಟುಕೊಳ್ಳಿ.

ಮೊದಲು ಕಾನೂನು, ಯಾಕೆಂದರೆ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಅವರ ಅಪ್ಪ ಪಾಲ್ ಸ್ವತಂತ್ರ ಮನುಷ್ಯ, ಅಮ್ಮ ಅಮೀಲಿಯಾ ಗುಲಾಮಳು. 1662ರಲ್ಲಿ ವರ್ಜೀನಿಯಾ ಮಾಡಿದ ಕಾನೂನಿನ ಪ್ರಕಾರ ತಾಯಿ ಏನೋ ಮಗುವೂ ಅದೇ, ಮುಂದೆ ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಡೆಯೆಲ್ಲ ಇದೇ ನಿಯಮವಾಯಿತು. ತುಳುನಾಡಿನವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಮ್ಮ ಅಳಿಯಸಂತಾನದಲ್ಲಿ ತಾಯಿಯ ಕಡೆಯಿಂದ ಮನೆತನ, ಆಸ್ತಿ ಬರುತ್ತಿತ್ತು. ಅಲ್ಲಿ ತಾಯಿಯ ಕಡೆಯಿಂದ ಬರುತ್ತಿದ್ದದ್ದು ಸಂಕೋಲೆ. ಹಾಗಾಗಿ ಅಮೀಲಿಯಾ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದಳಂತೆ, ಬಿಡುಗಡೆ ಸಿಗುವವರೆಗೆ ಮದುವೆಯಾಗಬೇಡಿ, ನಿಮ್ಮದಲ್ಲದ ಮಕ್ಕಳಿಗೆ ತಾಯಂದಿರಾಗಬೇಡಿ ಅಂತ. 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಇದನ್ನು 1853ರಲ್ಲಿ ದಾಖಲಿಸಿದ್ದಾರೆ. ಇಡೀ ಪಾಠದಲ್ಲಿ ನನಗೆ ಇದಕ್ಕಿಂತ ಗಟ್ಟಿ ಸಾಲು ಸಿಕ್ಕಿಲ್ಲ.

(ಇದೆಲ್ಲ ದೂರದ ದೇಶದ್ದು ಅಂದುಕೊಳ್ಳಬೇಡಿ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಜಿಲ್ಲೆ ಸುತ್ತಿದಾಗ ಇಲ್ಲಿನ ಗುಲಾಮರ ಬಗ್ಗೆಯೂ ಬರೆದ. ಇಲ್ಲಿನ ಗುಲಾಮಗಿರಿಗೆ ಕಾನೂನಿನ ಬೆಂಬಲ ಹೋದದ್ದು 1843ರಲ್ಲಿ. ಅದು ಬೇರೆ ಪ್ರಶ್ನೆಗೆ ಬೇಕಾಗುತ್ತದೆ.)

ಈಗ ಘಟನೆ. 1848ರ ಏಪ್ರಿಲ್ 15, ಶನಿವಾರ ರಾತ್ರಿ. 'ಪರ್ಲ್' ಅನ್ನುವ ಹಾಯಿಹಡಗಿನಲ್ಲಿ 77 ಗುಲಾಮರು ಕದ್ದು ಹೊರಟರು. ಅವರಲ್ಲಿ ಮೇರಿ, ಎಮಿಲಿ, ಜೊತೆಗೆ ನಾಲ್ವರು ಅಣ್ಣಂದಿರು. ಮೇರಿಗೆ ಸುಮಾರು 15, ಎಮಿಲಿಗೆ 13. ಪೊಟೋಮ್ಯಾಕ್ ನದಿ ಇಳಿದು ಚೆಸಪೀಕ್ ಕೊಲ್ಲಿ ಸೇರಿ ಉತ್ತರಕ್ಕೆ ತಿರುಗಬೇಕಿತ್ತು. ಮೊದಲು ಗಾಳಿಯೇ ಇಲ್ಲ, ಆಮೇಲೆ ಬಂದದ್ದು ಎದುರುಗಾಳಿ. ನಮ್ಮ ಮಂಗಳೂರಿನ ಬೆಂಗ್ರೆಯಲ್ಲಿ ನದಿ ಕಡಲು ಸೇರುವ ಅಳಿವೆ ಬಾಗಿಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನದಿ ಇಳಿದು ಬಂದರೂ ಅದರ ಬಾಯಿ ದಾಟಲಾಗದೆ ನಿಂತರು. ಬೆನ್ನಟ್ಟಿ ಬಂದ ಸ್ಟೀಮರ್ ಅಲ್ಲೇ ಹಿಡಿಯಿತು.

ಆರೂ ಮಂದಿಯನ್ನು ಬ್ರೂಯಿನ್ ಮತ್ತು ಹಿಲ್ ಅನ್ನುವ ವ್ಯಾಪಾರಿಗಳು 4,500 ಡಾಲರಿಗೆ ಕೊಂಡರು. ತಲೆಗೆ 750. ಮುಂದೆ ಅಪ್ಪ ಇಬ್ಬರು ಹುಡುಗಿಯರನ್ನು ಬಿಡಿಸಿಕೊಳ್ಳಲು ಹೋದಾಗ ವ್ಯಾಪಾರಿಗಳು ಕೇಳಿದ ಬೆಲೆ 2,250. ತಲೆಗೆ 1,125. ಕೆಲವೇ ತಿಂಗಳಲ್ಲಿ ಇಷ್ಟು ಏರಿತಾ? ಅವರನ್ನು ದಕ್ಷಿಣದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ಗೆ ಒಯ್ದು, ಬೀದಿಗೆ ಕಾಣುವ ಹಾಗೆ ಜಗಲಿಯಲ್ಲಿ ನಿಲ್ಲಿಸಿದ್ದು ಅಡುಗೆ ಕೆಲಸಕ್ಕೆ ಮಾರಲಿಕ್ಕಲ್ಲ. ಚೆಂದದ ಹುಡುಗಿಯರಿಗೆ ದುಡ್ಡಿದ್ದ ಗಂಡಸರು ಜಾಸ್ತಿ ಕೊಡುತ್ತಿದ್ದರು. ಈ ಲೆಕ್ಕವನ್ನು ಉತ್ತರದಲ್ಲಿ ಬರೆಯಿರಿ, ಕಣ್ಣೀರಿನ ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇಲ್ಲೇ ಅಕ್ಕನ ಪ್ರಶ್ನೆ ಬರುವುದು. ಲೂಯಿಸಿಯಾನದಲ್ಲಿ 10 ವರ್ಷದೊಳಗಿನ ಮಗುವನ್ನು ತಾಯಿಯಿಂದ ಬೇರೆ ಮಾಡಿ ಮಾರಬಾರದು ಅಂತ ಒಂದು ನಿಯಮವಿತ್ತು. ಎಮಿಲಿಗೆ 13 ಆಗಿತ್ತು. ಅಕ್ಕ ಅನ್ನುವ ಸಂಬಂಧ ಕಾನೂನಿನ ಲೆಕ್ಕಕ್ಕೇ ಇಲ್ಲ. ಯಾರಾದರೂ ಒಬ್ಬಳನ್ನು ಮಾತ್ರ ಕೊಂಡಿದ್ದರೆ ಮೇರಿ ಏನೂ ಮಾಡುವ ಹಾಗಿರಲಿಲ್ಲ. ಓಡಿಹೋದದ್ದೂ ಒಟ್ಟಿಗೆ, ಸಿಕ್ಕಿಬಿದ್ದದ್ದೂ ಒಟ್ಟಿಗೆ. ಅವಳ ಕೈಯಲ್ಲಿ ಇದ್ದದ್ದು ತಂಗಿಯ ಪಕ್ಕದಲ್ಲಿ ಇರುವುದು, ಅಷ್ಟೇ. ಅದೂ ಕೊಳ್ಳುವವನು ಬರುವವರೆಗೆ. 'ತ್ಯಾಗ', 'ಹೋರಾಟ' ಅಂತ ದೊಡ್ಡ ಪದ ಸುಮ್ನೆ ಹಾಕಿದರೆ ಈ ಅಸಹಾಯಕತೆ ಮುಚ್ಚಿಹೋಗುತ್ತದೆ.

ಉಳಿಸಿದ್ದು ಹಳದಿ ಜ್ವರ ಅನ್ನಬಹುದು. ನ್ಯೂ ಆರ್ಲಿಯನ್ಸ್‌ನಲ್ಲಿ ಜ್ವರ ಹಬ್ಬಿದಾಗ ಮಾಲು ಹಾಳಾದೀತು ಅಂತ ವ್ಯಾಪಾರಿಗಳು ಅವರನ್ನು ವಾಪಸ್ ತಂದರು. ವಾಷಿಂಗ್ಟನ್ ಹತ್ತಿರದ ಅಲೆಕ್ಸಾಂಡ್ರಿಯಾದಲ್ಲಿ ಹಗಲು ಬಟ್ಟೆ ಒಗೆಯುವುದು, ಇಸ್ತ್ರಿ, ಹೊಲಿಗೆ. ರಾತ್ರಿ ಬೀಗ. ಆ ಹೊತ್ತಿಗೆ ಅಪ್ಪ ನ್ಯೂಯಾರ್ಕ್‌ಗೆ ಹೋಗಿ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ಅವರ ನೆರವಿನಿಂದ ದುಡ್ಡು ಕೂಡಿಸಿದ. 1848ರ ನವೆಂಬರ್ 4ರಂದು ಇಬ್ಬರಿಗೂ ಬಿಡುಗಡೆ.

1850ರ ಆಗಸ್ಟ್‌ನ ಒಂದು ಫೋಟೋ ಇದೆ, ನ್ಯೂಯಾರ್ಕ್ ರಾಜ್ಯದ ಕ್ಯಾಜನೋವಿಯಾದಲ್ಲಿ ನಡೆದ ಗುಲಾಮಗಿರಿ ವಿರೋಧಿ ಸಭೆಯದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಮಾತಾಡುತ್ತಿದ್ದ ಫ್ರೆಡ್ರಿಕ್ ಡಗ್ಲಾಸ್ ಕೂತಿದ್ದಾರೆ, ಅಕ್ಕತಂಗಿಯರು ಚೌಕಳಿ ಶಾಲು ಹೊದ್ದು ಹಿಂದೆ ನಿಂತಿದ್ದಾರೆ. ಹುಡುಕಿ ನೋಡಿ. ಆಮೇಲೆ ಓದಲಿಕ್ಕೆ ಒಹಾಯೊ ರಾಜ್ಯದ ಓಬರ್ಲಿನ್‌ಗೂ ಒಟ್ಟಿಗೇ ಹೋದರು. ಅಲ್ಲಿ 1853ರಲ್ಲಿ ಕ್ಷಯದಿಂದ ಮೇರಿ ತೀರಿಕೊಂಡಳು, ವಯಸ್ಸು 20ರ ಆಸುಪಾಸು.

ಬಹಳ ನೋಟ್ಸ್ ಇಲ್ಲಿಗೇ ಮುಗಿಯುತ್ತವೆ. ಮುಗಿಸಬೇಡಿ. ಎಮಿಲಿ ವಾಷಿಂಗ್ಟನ್‌ಗೆ ಮರಳಿ, ಮಿರ್ಟಿಲ್ಲಾ ಮೈನರ್ ಕಪ್ಪು ಹುಡುಗಿಯರಿಗಾಗಿ ನಡೆಸುತ್ತಿದ್ದ ಶಾಲೆ ಸೇರಿದಳು. ಆ ಶಾಲೆಯ ಮೇಲೆ ಕಲ್ಲು ಬೀಳುತ್ತಿತ್ತು. ಮೈನರ್ ಮತ್ತು ಎಮಿಲಿ ಇಬ್ಬರೂ ಪಿಸ್ತೂಲು ಹೊಡೆಯುವುದು ಕಲಿತರು, ಊರವರಿಗೆ ಕಾಣುವ ಹಾಗೆಯೇ ಅಭ್ಯಾಸ ಮಾಡಿದರು. 'ರಕ್ಷಿಸಲ್ಪಟ್ಟ ತಂಗಿ' ಅಂತ ಎಮಿಲಿಯನ್ನು ಒಂದೇ ಸಾಲಿನಲ್ಲಿ ಮುಗಿಸುವವರು ಈ ಭಾಗವನ್ನು ಒಮ್ಮೆ ಓದಿ, ಆಮೇಲೆ ಬರೆಯಿರಿ ಮಾರಾಯ್ರೆ.